ಆಮಂತ್ರಣ ಪತ್ರಿಕೆಯೊಳಗಿನ ಖೋ ಖೋ

ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳ ಖೋ ಖೋ ಆಟಕ್ಕೆ ಇತಿಹಾಸ ಬರೆಯಲು ಹೊರಟವರು ಗಣೇಶಮೂರ್ತಿ, ಜಲಜಮ್ಮ ದಂಪತಿ. ಇಬ್ಬರೂ ಹೊಸನಗರದ ನಿವೃತ್ತ ಶಿಕ್ಷಕರು. ಮೂವತ್ತೈದು ವರ್ಷ ಪಂದ್ಯಗಳ ಹಿಂದೆ ಅಲೆದವರು, ಪತ್ರಿಕೆಗಳಿಗೆ ಅದನ್ನೇ ಬರೆದವರು. ಕೆಲಸದ ಹಂಚಿಕೆ ಮಾತ್ರ ಹೀಗಿತ್ತು: ಜಲಜಮ್ಮ ಬಿಸಿಲಲ್ಲಿ ಗೆರೆ ಪಕ್ಕ ನಿಂತು ಯಾರು ಎಷ್ಟು ನಿಮಿಷ ಓಡಿದರೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಗಂಡ ವೇದಿಕೆಯಲ್ಲಿ ಕೂತು ಶಾಲು ಹೊದೆಸಿಕೊಳ್ಳುವುದು.

ಪುಸ್ತಕದ ಸುದ್ದಿ ಕೇಳಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹುಲಿಗೆಮ್ಮ ಜಲಜಮ್ಮನನ್ನು ತಡೆದು ನಿಲ್ಲಿಸಿದ್ದಳು. “ಅಕ್ಕೋರೇ, ಅದ್ರಾಗೆ ನನ್ ಹೆಸ್ರು ಬರ್ತದಾ? ನಾ ಆಡ್ತಿದ್ದೆ ಅಂದ್ರೆ ಮಗಳು ನಂಬೋದೇ ಇಲ್ಲ.”

“ಬರ್ದೇ ಇರ್ತದೇನೇ?” ಎಂದಿದ್ದರು ಜಲಜಮ್ಮ.

ಗಂಡ ತಾವೇ ಬರೆದು ಅಚ್ಚಿಗೆ ಕೊಟ್ಟಿದ್ದ ಪುಸ್ತಕ ಬಂದಾಗ ತೆರೆದರೆ, ಹುಲಿಗೆಮ್ಮ ಗೆದ್ದುಕೊಟ್ಟ ಸಾಗರದ ಫೈನಲ್‌ಗೆ ಎರಡು ಪುಟ. ಎರಡೂ ಪುಟದಲ್ಲಿ ಉದ್ಘಾಟಕರ ಭಾಷಣ! ಕೊನೆಗೆ “ಬಾಲಕಿಯರು ಚೆನ್ನಾಗಿ ಆಡಿದರು” ಎಂಬ ಒಂದು ಸಾಲು. ಜಲಜಮ್ಮನಿಗೆ ಮೈ ಉರಿಯಿತು.

“ಎಂತ ಇದು? ಆ ಪುಣ್ಯಾತ್ಮರು ಹಿಂದಿನ ದಿನಾನೇ ತೀರ್ಕೊಂಡಿದ್ರಲ್ಲ! ಸಭೆ ಇಲ್ಲ ಅಂತ ನೀವೂ ಬಂದಿರ್ಲಿಲ್ಲ. ಒಂದು ನಿಮಿಷ ಮೌನ ನಿಂತು ಆಟ ಶುರು ಮಾಡಿದ್ದು ನಾನು.”

“ಆಮಂತ್ರಣ ಪತ್ರಿಕೇಲಿ ಹಾಗೇ ಇದ್ಯಲ್ಲೇ. ಇತಿಹಾಸಕ್ಕೆ ದಾಖಲೆ ಬೇಕು.”

“ನನ್ನ ನೋಟ್‌ಬುಕ್ಕು?”

“ಅದ್ರಲ್ಲಿ ಬರೀ ಮಕ್ಕಳ ಹೆಸ್ರು. ಯಾರು ಓದ್ತಾರೆ?”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಕುಲಾವಿ ನೋಡಿಯೇ ಕೂಸಿನ ಚರಿತ್ರೆ ಬರೆದ ಮಹಾನುಭಾವರು ಮಾತ್ರ ತಮ್ಮ ಪಾಲಿಗೇ ಬಂದರಲ್ಲ ಎಂದು ಜಲಜಮ್ಮ ಹಣೆ ಚಚ್ಚಿಕೊಂಡರು. ಮುಖಪುಟದಲ್ಲಿ ತಮ್ಮ ಹೆಸರೂ ಇತ್ತು. ನಾಚಿಕೆಯಾಯಿತು.

ಬಿಡುಗಡೆಯ ದಿನ ಗಂಡ ಜರಿಪಂಚೆ ಉಟ್ಟು ಸಭೆಗೆ ಹೋದರು. ಜಲಜಮ್ಮ ಹಳೆಯ ನೋಟ್‌ಬುಕ್ಕು ಹಿಡಿದು ಶಾಲೆಯ ಅಡುಗೆಕೋಣೆಗೆ ಹೋದರು. ಹುಲಿಗೆಮ್ಮ ಸಾರಿನ ಸೌಟು ಬಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಅಲ್ಲೇ ಇದ್ದ ಅವಳ ಮಗಳು ಲಿಖಿತಾ ನೋಟ್‌ಬುಕ್ಕು ಬಿಡಿಸಿ ಓದಿದಳು: “ಸಾಗರ, ಫೈನಲ್. ಹುಲಿಗೆಮ್ಮ. ಏಳು ನಿಮಿಷ. ಸಿಗಲಿಲ್ಲ.”

“ಅವ್ವಾ, ಏಳು ನಿಮಿಷಾನಾ?”

ಹುಲಿಗೆಮ್ಮ ನೋಟ್‌ಬುಕ್ಕು ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಅಳು ಬಂದಿತ್ತು. ಜಲಜಮ್ಮ ನೋಟ್‌ಬುಕ್ಕನ್ನು ಅವಳ ಕೈಯಲ್ಲೇ ಬಿಟ್ಟು ಬಂದರು.

ಮರುದಿನ ಪತ್ರಿಕೆಯಲ್ಲಿ ಸಮಾರಂಭದ ವರದಿ ಬಂತು. ಕಾರ್ಯಕ್ರಮದ ಹಿಂದಿನ ದಿನವೇ ಆಮಂತ್ರಣ ಪತ್ರಿಕೆ ನೋಡಿಕೊಂಡು ಗಣೇಶಮೂರ್ತಿಯವರೇ ಬರೆದು ಕಳಿಸಿದ್ದು. ಅದರ ಕೊನೆಯ ಸಾಲು: “ಸಹಲೇಖಕಿ ಜಲಜಮ್ಮ ಅವರು ವೇದಿಕೆಯಲ್ಲಿ ಪತಿಯ ಸಾಧನೆಯನ್ನು ಮನಸಾರೆ ಕೊಂಡಾಡಿದರು.”