ಗುದ್ದಲೆಂದೇ ಕಟ್ಟಿದ ಪಿಕಪ್

ಮೊನ್ನೆ ಮಗಳನ್ನು ಕರೆತರಲು ಶಾಲೆಯ ಮುಂದೆ ಕಾರುಗಳ ಸಾಲಿನಲ್ಲಿ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಮುರಿದ ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದರು. ತೆರೆದ ಕಿಟಕಿಯಿಂದ ಆ ವಾಸನೆ ಒಳಗೆ ಬಂತು... ಸುಟ್ಟ ಕಬ್ಬಿಣ, ಸುಟ್ಟ ಬಣ್ಣ, ಎರಡೂ ಸೇರಿದ ಒಂದು ಘಾಟು. ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಸಾಲು ಮುಂದೆ ಹೋಗಿರುವುದು ನನಗೆ ಗೊತ್ತಾಗಿದ್ದು. ಅಷ್ಟು ಹೊತ್ತು ನಾನು ಎದುರುಮನೆ ಆಂಟಿಯ ಜೊತೆ ಇದ್ದೆ.

ಆಂಟಿ ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನದವರು. ಇಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ ಬ್ಯಾಂಕೊಂದರ ಐಟಿ ವಿಭಾಗದಲ್ಲಿ ದುಡಿದು, ಕೊರೊನಾ ಶುರುವಾದ ವರ್ಷ ರಿಟೈರ್ ಆಗಿದ್ದರು. ಕ್ರಿಸ್‌ಮಸ್‌ಗೆ ಅವರು ಮಾಡುವ ಕುಸ್ವಾರ್ ತಿಂಡಿಗಳ ಮೊದಲ ತಟ್ಟೆ ಮೈಸೂರಿನವಳಾದ ನನ್ನ ಮನೆಗೇ ಬರುತ್ತಿತ್ತು. ನಮ್ಮ ಬಡಾವಣೆಗೆ ಬಂದ ಎಷ್ಟೋ ಕನ್ನಡದ ಹೆಂಗಸರಿಗೆ ಡ್ರೈವಿಂಗ್ ಕಲಿಸಿದವರು ಅವರು. ನನಗೂ ಅವರೇ ಗುರು. ರಿವರ್ಸ್ ಹಾಕುವಾಗ ಕನ್ನಡಿ ನಂಬಬೇಡ, ಕತ್ತು ತಿರುಗಿಸಿ ನೋಡು ಎಂದು ಗದರುತ್ತಿದ್ದರು. ಅವರ ಅಪ್ಪ ಊರಿನಲ್ಲಿ ಹಂಚಿನ ಲಾರಿ ಓಡಿಸುತ್ತಿದ್ದರಂತೆ. ಒಂದು ಹಂಚು ಒಡೆದರೂ ಅಂಥವನು ಡ್ರೈವರನೇ ಅಲ್ಲ ಎನ್ನುವುದು ಅಪ್ಪನ ಮಾತು. ಗಂಡುಮಕ್ಕಳಿಗೆಲ್ಲ ಸ್ಟಿಯರಿಂಗ್ ಕೊಟ್ಟ ಆ ಅಪ್ಪ ಮಗಳನ್ನು ಮಾತ್ರ ಕ್ಲೀನರ್ ಸೀಟಿನಿಂದ ಆಚೆ ಬಿಡಲಿಲ್ಲವಂತೆ.

ಒಂದು ವರ್ಷ ಹತ್ತಿರದ ಕೌಂಟಿ ಜಾತ್ರೆಯಲ್ಲಿ ಆಂಟಿ ಡೆಮಾಲಿಷನ್ ಡರ್ಬಿ ನೋಡಿಬಂದರು. ಕೆಸರಿನ ಅಂಗಳದಲ್ಲಿ ಹಳೆಯ ಗಾಡಿಗಳು ಒಂದಕ್ಕೊಂದು ಗುದ್ದಾಡುವುದು, ಕೊನೆಗೆ ಯಾರ ಗಾಡಿ ಇನ್ನೂ ಅಲ್ಲಾಡುತ್ತದೋ ಅವರು ಗೆದ್ದ ಹಾಗೆ. ಮಾರನೆಯ ದಿನ ನಮ್ಮ ಬಾಗಿಲಲ್ಲಿ ನಿಂತು ಹೇಳಿದರು: “ಇಪ್ಪತ್ತೈದು ವರ್ಷ ಒಂದು ಗೀರು ಬೀಳದ ಹಾಗೆ ಡ್ರೈವ್ ಮಾಡಿದ್ದೇನೆ. ಸಾಯುವ ಮೊದಲು ಒಮ್ಮೆ ಗುದ್ದಿ ನೋಡ್ಬೇಕು ಮಾರಾಯ್ತಿ.”

ನಾನು ನಕ್ಕೆ. ಆಂಟಿ ನಗಲಿಲ್ಲ. ಕಮ್ಯೂನಿಟಿ ಕಾಲೇಜಿಗೆ ಹೋಗಿ ತಮಗಿಂತ ನಲವತ್ತು ವರ್ಷ ಚಿಕ್ಕವರ ಜೊತೆ ಕೂತು ವೆಲ್ಡಿಂಗ್ ಕಲಿತರು. ಹಳ್ಳಿ ಕಡೆಯ ರೈತನೊಬ್ಬನಿಂದ ತುಕ್ಕು ಹಿಡಿದ ಚಿಕ್ಕ ಪಿಕಪ್ ಒಂದನ್ನು ಕೊಂಡು, ಕತ್ತರಿಸಿದ ಹುಲ್ಲಿನ ಅಂಚು ಕೂಡ ಅಳೆದಂತಿರುವ ನಮ್ಮ ಬಡಾವಣೆಯಲ್ಲಿ ತಮ್ಮ ಮನೆ ಮುಂದಿನ ಡ್ರೈವ್‌ವೇ ಮೇಲೆ ನಿಲ್ಲಿಸಿದರು. ಅಂಕಲ್ “ಇವಳಿಗೆ ತಲೆ ಸಮ ಇಲ್ಲ” ಎಂದು ಎಲ್ಲರ ಹತ್ತಿರ ಹೇಳುತ್ತ, ಹೊತ್ತು ಹೊತ್ತಿಗೆ ಚಹಾ ಮಾಡಿ ತಂದುಕೊಡುತ್ತಿದ್ದರು.

ಇನ್ನು ನನ್ನ ಕಥೆ ಹೇಳಬೇಕು. ನನಗೆ ಮನೆಯಿಂದಲೇ ಕೆಲಸ, ಬೆಳಗಿನಿಂದ ಮೀಟಿಂಗು. ಎದುರಿನಿಂದ ಕಬ್ಬಿಣ ಉಜ್ಜುವ ಗ್ರೈಂಡರಿನ ಕಿರುಚಾಟ. ಒಂದು ಬೆಳಿಗ್ಗೆ ನನ್ನ ಮ್ಯಾನೇಜರು ನಿಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಎಲ್ಲರೆದುರು ಕೇಳಿದ. ರಸ್ತೆ ದಾಟಿ ಹೋಗಿ, ಆಂಟಿ, ಹನ್ನೊಂದು ಗಂಟೆ ತನಕ ನಿಲ್ಲಿಸಿ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ದೊಡ್ಡವರಿಗೆ, ಅದೂ ಕಲಿಸಿದವರಿಗೆ, ಮುಖ ನೋಡಿ ಹೇಗೆ ಹೇಳುವುದು? ನಮ್ಮಲ್ಲಿ ಇದೊಂದು ರೋಗ. ಎದುರಿಗೆ ಹಲ್ಲು ಕಿರಿಯುತ್ತೇವೆ, ಹಿಂದಿನಿಂದ ಅರ್ಜಿ ಹಾಕುತ್ತೇವೆ. ಬಡಾವಣೆಯ ಸಂಘಕ್ಕೆ, ಎಲ್ಲರ ಬಾಯಲ್ಲಿ ಎಚ್‌ಒಎ ಆಗಿರುವ ಅದಕ್ಕೆ, ಹೆಸರು ಹಾಕದೆ ದೂರು ಕೊಟ್ಟುಬಿಟ್ಟೆ.

ವಾರದೊಳಗೆ ಆಂಟಿಗೆ ಕಾಗದ ಬಂತು. ಹತ್ತು ದಿನದಲ್ಲಿ ಗಾಡಿ ತೆಗೆಯಬೇಕು, ಇಲ್ಲವಾದರೆ ಸಂಘವೇ ಎಳೆಸಿಕೊಂಡು ಹೋಗುತ್ತದೆ. ಡರ್ಬಿಗೆ ಇನ್ನೂ ಐದು ವಾರವಿತ್ತು. ಅವರ ಗ್ಯಾರೇಜಿನಲ್ಲಿ ಫ್ರೀಜರು, ಮಕ್ಕಳ ಹಳೆಯ ಸಾಮಾನು, ಕಾಲಿಡಲು ಜಾಗವಿಲ್ಲ. ಕಾಗದ ಹಿಡಿದು ಆಂಟಿ ನೇರ ನನ್ನ ಮನೆಗೇ ಬಂದರು.

“ನಿನ್ನ ಗ್ಯಾರೇಜಲ್ಲಿ ಒಂದು ಕಾರಿನ ಜಾಗ ಖಾಲಿ ಉಂಟಲ್ಲ, ಕೊಡ್ತೀಯಾ?”

“ಅಯ್ಯೋ, ಅದಕ್ಕೇನಂತೆ ಆಂಟಿ, ತಗೊಳ್ಳಿ” ಎಂದೆ.

ಆ ಐದು ವಾರ ನನ್ನ ಮೀಟಿಂಗುಗಳ ಕೆಳಗೇ ಗ್ರೈಂಡರು ಕಿರುಚಿತು. ಮಾಡಿದ್ದುಣ್ಣೋ ಮಹರಾಯ. ಆದರೆ ಕೆಲಸ ಮುಗಿಸಿ ಕೆಳಗಿಳಿದು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆಂಟಿ ಗಾಜುಗಳನ್ನೆಲ್ಲ ಬಿಚ್ಚಿದರು. ಅಡಿಯಲ್ಲಿದ್ದ ಪೆಟ್ರೋಲ್ ಟ್ಯಾಂಕು ತೆಗೆದು, ಸಣ್ಣದೊಂದನ್ನು ಹಿಂದಿನ ತೊಟ್ಟಿಯ ನಡುವೆ ಬಿಗಿದರು. ಸೀಟಿನ ಬೆನ್ನಿಗೆ ದಪ್ಪ ಕಬ್ಬಿಣದ ಅಡ್ಡಪಟ್ಟಿ, ಬಾಗಿಲುಗಳಿಗೆ ಸುತ್ತ ವೆಲ್ಡಿಂಗು. ತಾವು ಬೆಸೆದದ್ದನ್ನು ತಾವೇ ಸುತ್ತಿಗೆಯಿಂದ ಬಡಿದು ನೋಡುತ್ತಿದ್ದರು. ಕೂದಲೆಳೆಯಷ್ಟು ಬಿರುಕು ಕಂಡರೂ ಉಜ್ಜಿ ತೆಗೆದು ಮತ್ತೆ ಬೆಸುಗೆ.

“ಹೇಗೂ ಒಡೆದುಹೋಗೋದೇ ಅಲ್ವಾ ಆಂಟಿ, ಇಷ್ಟೊಂದು ಯಾಕೆ?” ಎಂದು ಒಮ್ಮೆ ಕೇಳಿದೆ.

“ಒಡೆಯುವುದು ಅವರ ಕೆಲಸ. ನಾನು ಯಾಕೆ ಸುಲಭ ಮಾಡಿಕೊಡ್ಬೇಕು?” ಎಂದರು.

ಕೈಯಿಂದ ಒಂದು ಮೊಳೆ ಹೊಡೆದು ಗೊತ್ತಿಲ್ಲದ ನನಗೆ ಅವರನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ನಾಚಿಕೆಯಂತೂ ದಿನಾ ಇತ್ತು.

ಡರ್ಬಿಯ ದಿನ ತಪಾಸಣೆಯವನು ಗಾಡಿಯನ್ನು ಸುತ್ತಿ, ಬಗ್ಗಿ, ಬೆಸುಗೆಗಳ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ. ಆಂಟಿ ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದರು. ಬಾಗಿಲು ಬೆಸೆದಿದ್ದರಿಂದ ಕಿಟಕಿಯಿಂದಲೇ ನುಸುಳಿ ಒಳಗೆ ಕೂತರು. ಬೆಲ್ಟ್ ಬಿಗಿಯಲು ನಾನು ಕಿಟಕಿಯೊಳಗೆ ಬಗ್ಗಿದೆ. ಇನ್ನು ತಡೆಯಲಾಗಲಿಲ್ಲ.

“ಆಂಟಿ, ಎಚ್‌ಒಎಗೆ ಕಂಪ್ಲೇಂಟ್ ಕೊಟ್ಟಿದ್ದು ನಾನೇ.”

“ಗೊತ್ತುಂಟು. ಆ ಬೆಲ್ಟ್ ಸರಿ ಎಳಿ” ಎಂದರು. ಅಷ್ಟರಲ್ಲಿ ಬಾವುಟ ಹಿಡಿದು ಆಟ ನಡೆಸುವವನು ಎಲ್ಲರನ್ನೂ ಆಚೆ ಅಟ್ಟಿದ.

ಅಂಗಳದಲ್ಲಿ ಎಂಟು ಪಿಕಪ್‌ಗಳು. ಶುರುವಾದ ಕೂಡಲೇ ಆಂಟಿಯದ್ದು ನಿಂತುಬಿಟ್ಟಿತು. ಕೆಟ್ಟಿರಲಿಲ್ಲ, ಆಂಟಿಯೇ ನಿಲ್ಲಿಸಿದ್ದರು. ಅಡ್ಡ ಬಂದ ಗಾಡಿಗೆ ದಾರಿ ಬಿಟ್ಟರು! ಇನ್ನೊಂದು ಬಂದಾಗಲೂ ಬ್ರೇಕು. ಇಪ್ಪತ್ತೈದು ವರ್ಷದ ಕಾಲು, ಹೇಳಿದ ಮಾತು ಕೇಳುತ್ತಿರಲಿಲ್ಲ. ಯಾರಿಗೂ ಗುದ್ದದೆ ಒಂದು ನಿಮಿಷ ಕಳೆದರೆ ಆಟದಿಂದ ಹೊರಗೆ. ಬಾವುಟದವನು ಅವರತ್ತ ಬೆರಳು ತೋರಿಸಿ ಎಚ್ಚರಿಸಿದ. ನನ್ನ ಪಕ್ಕದಲ್ಲಿ ಅಂಕಲ್ “ಗುದ್ದು, ಗುದ್ದು ಮಾರಾಯ್ತಿ” ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದರು.

ಆಗ ಆಂಟಿ ಕತ್ತು ತಿರುಗಿಸಿದರು, ಭುಜದ ಮೇಲಿಂದ ಪೂರ್ತಿ. ಪಿಕಪ್ ಹಿಂದಕ್ಕೆ ನುಗ್ಗಿ ಕೆಂಪು ಗಾಡಿಯೊಂದರ ಮೂತಿಗೆ ಅಪ್ಪಳಿಸಿತು. ಕೆಂಪು ಗಾಡಿ ಹೊಗೆ ಬಿಟ್ಟು ಅಲ್ಲೇ ಕೂತಿತು. ಆಂಟಿ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನಿಗೆ ‘ಸಾರಿ’ ಎಂದು ಸನ್ನೆ ಮಾಡಿದರು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಒಂದೊಂದು ಗುದ್ದಿಗೂ ಒಂದೊಂದು ‘ಸಾರಿ’. ಜನ ಆ ಕೈಗಾಗಿಯೇ ಕಾದು ಕೂಗತೊಡಗಿದರು.

ಗೆಲ್ಲಲಿಲ್ಲ. ಮೂವರು ಉಳಿದಾಗ ರೇಡಿಯೇಟರು ಒಡೆಯಿತು, ಎಂಜಿನ್ ನಿಂತಿತು. ಎಲ್ಲ ಮುಗಿದ ಮೇಲೆ ಆಂಟಿ ಕೆಸರು ಮೆತ್ತಿದ ಮುಖದಲ್ಲಿ ಗಾಡಿಯನ್ನು ಸುತ್ತು ಹಾಕಿದರು. ಮುಂಭಾಗ ಅಪ್ಪಚ್ಚಿಯಾಗಿತ್ತು. “ಒಂದು ಬೆಸುಗೆ ಬಿಟ್ಟಿಲ್ಲ ನೋಡು!” ಎಂದು ನನ್ನ ಕೈ ಹಿಡಿದು ಒಂದೊಂದನ್ನೂ ಮುಟ್ಟಿಸಿದರು. ಆ ಸಂಭ್ರಮದ ನಡುವೆ ದೂರಿನ ಮಾತು ಮತ್ತೆ ತೆಗೆಯಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಎರಡು ವರ್ಷ ಬರಲಿಲ್ಲ. ಆಂಟಿಯೂ ಮತ್ತೆ ಎತ್ತಲಿಲ್ಲ, ಕುಸ್ವಾರ್ ತಟ್ಟೆಯೂ ತಪ್ಪಲಿಲ್ಲ.

ಕಳೆದ ಚಳಿಗಾಲ ಆಂಟಿ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಚರ್ಚಿನಲ್ಲಿ ನಾಲ್ಕು ಮಾತಾಡಲು ಅಂಕಲ್ ನನ್ನನ್ನು ಕರೆದರು. ನಾನು ಪಿಕಪ್ಪಿನ ಕಥೆ ಹೇಳಿದೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ದೂರಿನ ವಿಷಯ ಮಾತ್ರ ನುಂಗಿಕೊಂಡೆ. ಗುದ್ದುವುದೇ ಆಟವಾದ ಕಡೆಯಲ್ಲೂ ಗುರುತಿಲ್ಲದವರಿಗೆಲ್ಲ ಅವರು ಕ್ಷಮೆ ಕೇಳಿದರು. ನಾನು ಹಿಂದಿನಿಂದ ಗುದ್ದಿದ್ದೆ, ಗುದ್ದಿದ್ದು ನಾನೇ ಎಂದೂ ಹೇಳಿದ್ದೆ, ಅದರ ಮುಂದಿನ ಒಂದು ಮಾತು ಮಾತ್ರ ನನ್ನ ಬಾಯಿಂದ ಬರಲೇ ಇಲ್ಲ.

ತಪ್ಪಾಯಿತು ಆಂಟಿ.