ಕೂಸು ಒಪ್ಪಿದ ಜೀಪು

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನಿಮ್ಮಿಬ್ಬರಿಗೂ ನಗು ಬರುತ್ತದೆ. ಬರಲಿ. ತಲೆಯಲ್ಲಿ ಇನ್ನೂ ಕಪ್ಪು ಕೂದಲಿದೆ, ಮೂವತ್ತೆರಡು ಹಲ್ಲೂ ಜಾಗದಲ್ಲೇ ಇವೆ, ಆದರೂ ನಾನು ಅಜ್ಜ! ಏನು ಮಾಡುವುದು? ನೀವು ಆಯಿ ಎಂದು ಕರೆಯುವವಳು ನನ್ನ ಸ್ವಂತ ಅಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವಳ ಮಗಳೇ ನಿಮ್ಮ ಅವ್ವ. ನಿಮ್ಮ ಅವ್ವ ಹುಟ್ಟಿದಾಗ ನಾನು ಐದನೆಯ ಇಯತ್ತೆಯಲ್ಲಿದ್ದೆ, ಆಗಲೇ ಸೋದರಮಾವ ಆಗಿಬಿಟ್ಟೆ. ನೀವು ಹುಟ್ಟಿದ ಕೂಡಲೇ ಅಜ್ಜನೂ ಆದೆ. ನಕ್ಕಿದ್ದು ಸಾಕು, ಈಗ ಕೇಳಿ.

ಆಗ ನಮ್ಮ ಮನೆ ಇಳಕಲ್ಲಿನಲ್ಲಿತ್ತು. ಪಡಸಾಲೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನನ್ನ ಅಪ್ಪ ಸೀರೆ ನೇಯುತ್ತಿದ್ದ, ಇನ್ನೊಂದರಲ್ಲಿ ನನ್ನ ಅವ್ವ. ಬೆಳಗಾಯಿತೆಂದರೆ ಖಟಕ್ ಖಟಕ್ ಎಂದು ಶುರುವಾದ ಸಪ್ಪಳ ಸಂಜೆ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಅಕ್ಕ ಬಾಣಂತನಕ್ಕೆ ಬಂದಾಗ ಕೂಸಿನ ತೊಟ್ಟಿಲನ್ನು ಅಪ್ಪನ ಮಗ್ಗದ ಮಗ್ಗುಲಲ್ಲೇ ಕಟ್ಟಿದ್ದರು. ಕೊಬ್ಬರಿ ಎಣ್ಣೆ, ಬಜೆ, ಲೋಬಾನದ ಹೊಗೆ, ಗಂಜಿ ಹಾಕಿದ ನೂಲು, ಈ ವಾಸನೆಗಳ ನಡುವೆ ಬೆಳೆದವಳು ನಿಮ್ಮ ಅವ್ವ. ಮಗ್ಗದ ಸಪ್ಪಳವೇ ಅವಳಿಗೆ ಜೋಗುಳ. ಮಗ್ಗ ನಿಂತಿತೋ, ಕೂಸು ಎದ್ದು ಅತ್ತು ಓಣಿಯನ್ನೇ ಒಂದು ಮಾಡುತ್ತಿತ್ತು. ಅವ್ವ ರೊಟ್ಟಿ ಬಡಿಯಲು ಹೋದರೆ ಅಪ್ಪ ಏಳುವಂತಿಲ್ಲ, ಅಪ್ಪ ಊಟಕ್ಕೆ ಎದ್ದರೆ ಅವ್ವ ಓಡಿಬಂದು ಮಗ್ಗದಲ್ಲಿ ಕೂರಬೇಕು. ಕೂಸು ಮಲಗಲಿ ಎಂದು ಆ ವರ್ಷ ನಮ್ಮ ಮನೆಯಲ್ಲಿ ಎಷ್ಟು ಸೀರೆ ಹೆಚ್ಚಿಗೆ ನೇಯ್ದರೋ ದೇವರಿಗೇ ಗೊತ್ತು!

ಕೂಸಿಗೆ ಐದು ತಿಂಗಳು ತುಂಬಿತು. ನಮ್ಮ ಕಡೆ ಬಾಣಂತನ ಮುಗಿದ ಮೇಲೆ ತವರಿನವರು ತೊಟ್ಟಿಲು ಕೊಟ್ಟು ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸುತ್ತಾರೆ. ಆದರೆ ಅವ್ವ ಕಳಿಸಲು ಒಲ್ಲೆ ಎಂದು ಕೂತಳು. ಅಕ್ಕನ ಗಂಡ, ಅಂದರೆ ನನ್ನ ಮಾವ, ಬೇವೂರಿನ ಆಚೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದ. ಟಾರ್ ರಸ್ತೆಯಿಂದ ಅಲ್ಲಿಗೆ ಮೂರು ಕಿಲೋಮೀಟರ್ ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಮಾವನ ಮೋಟರ್ ಸೈಕಲ್ಲು ಅಲ್ಲಿ ಒಂದು ಮಾರೂ ಮುಂದೆ ಹೋಗುತ್ತಿರಲಿಲ್ಲ. ಬಸುರಿ ಅಕ್ಕನನ್ನು ತವರಿಗೆ ಕರೆತರುವಾಗ ಹಿಂಗಾರಿ ಮಳೆ ಹಿಡಿದಿತ್ತು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಅವಳನ್ನು ಕೂರಿಸಿಕೊಂಡು ರಸ್ತೆ ಮುಟ್ಟಿಸಿದ್ದರು. ಅದನ್ನು ಅವ್ವ ಮರೆತಿರಲೇ ಇಲ್ಲ.

“ಮೊದಲ ನಾಕ ಗಾಲಿ ಗಾಡಿ ತರ್ರಿ, ಆಮ್ಯಾಲ ತೊಟ್ಟಿಲದ ಮಾತು,” ಎಂದು ಅವ್ವ ಅಳಿಯನಿಗೆ ಖಡಕ್ಕಾಗಿ ಹೇಳಿದಳು. “ಜಡಿಮಳ್ಯಾಗ ಕೂಸಿಗೆ ಜ್ವರ ಬಂದ್ರ ದವಾಖಾನಿಗೆ ಹೆಗಲ ಮ್ಯಾಲ ಹೊತ್ಕೊಂಡು ಹೋಗ್ತೀರೇನು?”

“ಹೂನ್ರಿ ಅತ್ತಿ, ತರೂಣ್ರಿ,” ಎಂದ ಮಾವ. ಅತ್ತೆಯ ಎದುರು ಅವನ ಬಾಯಿಂದ ಇದಕ್ಕಿಂತ ಹೆಚ್ಚಿಗೆ ಮಾತು ಬರುತ್ತಿರಲಿಲ್ಲ. ಅಕ್ಕನಿಗೋ ತನ್ನ ಹೊಲಮನೆಯನ್ನು ಯಾವಾಗ ಕಂಡೇನೋ ಎಂದಾಗಿತ್ತು. ನನಗೆ ಮಾತ್ರ ಗಾಡಿ ಸಿಗದಿದ್ದರೇ ಚೆಂದ ಎನ್ನಿಸುತ್ತಿತ್ತು. ಸಾಲಿ ಬಿಟ್ಟ ಕೂಡಲೇ ಕೂಸನ್ನು ಎತ್ತಿಕೊಂಡು ಓಣಿ ತಿರುಗುವುದು ನನ್ನ ಕೆಲಸ. ಅದು ಹೊರಟುಹೋದರೆ ನಾನೇನು ಮಾಡಲಿ? ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಒಂದು ರವಿವಾರ ಎಲ್ಲರೂ ಗಾಡಿ ನೋಡಲು ಹೊರಟೆವು. ಮುಂಗಾರಿನ ಮಿರಗದ ಮಳೆ ಆಗಲೇ ಎರಡು ಸಲ ಹೊಡೆದುಹೋಗಿತ್ತು. ಹುನಗುಂದದ ಮೇಲೆ ಹಾಯುವ ಬಸ್ಸು ಹತ್ತಿ ಅಮೀನಗಡದಲ್ಲಿ ಇಳಿದಾಗ ತುಪ್ಪದಲ್ಲಿ ಅಂಟು ಹುರಿಯುವ ಘಮ ಮೂಗಿಗೆ ಬಡಿಯಿತು. ಅಪ್ಪ ನನ್ನ ಕೈಗೆ ಒಂದು ತುಂಡು ಕರದಂಟು ಇಟ್ಟು, ಗಾಡಿಗಳನ್ನು ಮುಟ್ಟಬಾರದು ಎಂದು ಎಚ್ಚರಿಸಿದ. ಜಿಗುಟು ಕೈಯಲ್ಲಿ ನಾನು ಎಲ್ಲವನ್ನೂ ಮುಟ್ಟಿದೆ.

ಊರ ಹೊರಗೆ ಒಂದು ಬೇವಿನ ಮರದ ಕೆಳಗೆ ಹಳೆಯ ಗಾಡಿಗಳ ವ್ಯಾಪಾರ. ಅಣೆಕಟ್ಟಿನ ನೀರಿಗೆ ಬಾಗಲಕೋಟೆ ಮುಳುಗಡೆಯಾಗಿ ಮಂದಿ ಮನೆ ಬದಲಿಸುತ್ತಿದ್ದ ಕಾಲ ಅದು. ಸಾಮಾನು ಸಾಗಿಸಿ ದಣಿದ ಎಷ್ಟೋ ಗಾಡಿಗಳು ಅಲ್ಲಿ ಬಂದು ನಿಂತಿದ್ದವು. ನಮಗೆ ತೋರಿಸಿದ್ದು ಎರಡು. ಒಂದು ಬಿಳಿ ವ್ಯಾನು. ಜಾರುವ ಬಾಗಿಲು, ಗಾಜಿನ ಕಿಟಕಿ, ಹೂವಿನ ಪರದೆ, ಮೆತ್ತನೆ ಸೀಟು. ಇನ್ನೊಂದು ಜೀಪು. ಅದರ ಬಣ್ಣ ಯಾವುದಿತ್ತೋ ಅದಕ್ಕೇ ಮರೆತುಹೋಗಿತ್ತು. ಮೇಲೆ ತೇಪೆ ಹಚ್ಚಿದ ತಾಡಪತ್ರಿ, ಒಳಗೆ ಎದುರುಬದುರು ಗಟ್ಟಿ ಬೆಂಚು.

ಮಾವನ ಕಣ್ಣು ಜೀಪಿನ ಮೇಲೆ ಎಂದು ನನಗೆ ಗೊತ್ತಾಯಿತು. ಆದರೆ ಅವ್ವ ಆಗಲೇ ವ್ಯಾನಿನೊಳಗೆ ಕೂತು ಪರದೆ ಎಳೆದು ನೋಡುತ್ತಿದ್ದಳು. ಕೂಸಿನ ಕಿವಿಗೆ ಗಾಳಿ ಹೋಗಬಾರದು ಎಂಬುದೇ ಅವಳ ದೊಡ್ಡ ಚಿಂತೆ.

ಅಪ್ಪ ಜನ್ಮದಲ್ಲಿ ಗಾಡಿ ಕೊಂಡವನಲ್ಲ. ಅವನಿಗೆ ಗೊತ್ತಿದ್ದದ್ದು ಸೀರೆ ಒಂದೇ. ಯಾರು ಸೀರೆ ಕೊಟ್ಟರೂ ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದ. ಆಮೇಲೆ ಒಡಲು, ಸೆರಗು ಎರಡೂ ಕೂಡುವ ಜಾಗ ಹಿಡಿದು ಜಗ್ಗುತ್ತಿದ್ದ. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ, ಎರಡನ್ನೂ ಒಂದೊಂದಾಗಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಇಲ್ಲೂ ಅಪ್ಪ ಅದನ್ನೇ ಮಾಡಿದ. ಟವೆಲ್ಲು ಹಾಸಿ, ಬಿಳಿ ಧೋತರದಲ್ಲೇ ವ್ಯಾನಿನ ಕೆಳಗೆ ತೂರಿದ!

“ಅಲ್ಲೇನ ನೋಡ್ತೀರಿ ಯಜಮಾನ್ರ?” ಎಂದ ವ್ಯಾಪಾರಿ ಗಾಬರಿಯಿಂದ.

“ಕೆಳಗಿಂದು ನೋಡಾಕತ್ತೀನಿ. ಮ್ಯಾಲಿಂದು ಎಲ್ಲಾರೂ ಚಂದನ ಮಾಡಿರ್ತಾರ.”

ವ್ಯಾನಿನ ಕೆಳಭಾಗ ತೊಳೆದಿಟ್ಟ ಹಾಗಿತ್ತು. ಜೀಪಿನ ಕೆಳಗೆ ಹೋಗಿ ಬಂದ ಅಪ್ಪನ ಅಂಗಿಗೆ ಮಾತ್ರ ಅಂಗೈಯಗಲದ ಎಣ್ಣೆ ಕಲೆ. ಅಷ್ಟೇ, ತೀರ್ಪು ಆಯಿತು. ವ್ಯಾನೇ ಇರಲಿ ಎಂದರು ಅಪ್ಪ, ಅವ್ವ ಇಬ್ಬರೂ. “ಹೊಟ್ಟ್ಯಾನ ನೀರ ಅಳ್ಳಾಡಂಗಿಲ್ರಿ!” ಎಂದು ವ್ಯಾಪಾರಿ ಹಿಗ್ಗಿದ.

ಆಗ ಅಕ್ಕ ಮೊದಲ ಸಲ ಬಾಯಿ ಬಿಟ್ಟಳು. “ಯಪ್ಪಾ, ಟಾರ್ ರಸ್ತೆ ಮ್ಯಾಲ ಎಲ್ಲಾ ಗಾಡಿನೂ ಓಡ್ತಾವು. ನಮ್ಮ ಹೊಲದ ಮಟ ಹೋಗಿ ನೋಡೂಣು.”

ವ್ಯಾಪಾರಿಯೇ ವ್ಯಾನು ನಡೆಸಲು ಕೂತ. ಮಾವ ತಲೆ ತಗ್ಗಿಸಿಕೊಂಡು, ಸುಮ್ಮನೆ ಹಿಂದಿನಿಂದ ಜೀಪು ತರುತ್ತೇನೆ ಎಂದ. ಟ್ರ್ಯಾಕ್ಟರ್ ಹೊಡೆಯುವವನಿಗೆ ಜೀಪು ಹೊಸದೇನಲ್ಲ. ಆ ‘ಸುಮ್ಮನೆ’ ಎಷ್ಟು ಸುಮ್ಮನೆ ಎಂದು ನನಗೆ ಈಗ ಅರ್ಥವಾಗುತ್ತದೆ, ಕಿಲಾಡಿ ಮಾವ!

ವ್ಯಾನು ಬೆಣ್ಣೆಯ ಮೇಲೆ ಜಾರಿದ ಹಾಗೆ ಹೊರಟಿತು. ಒಳಗೆ ಸಪ್ಪಳವೇ ಇಲ್ಲ. ಎರಡು ನಿಮಿಷಕ್ಕೆ ಕೂಸು ಕಣ್ಣು ಬಿಟ್ಟು ಅತ್ತ ಇತ್ತ ನೋಡಿತು, ತುಟಿ ತಿರುವಿತು, ಶುರು ಮಾಡಿತು. ಅವ್ವ ಗಿಲಕಿ ಆಡಿಸಿದಳು. ನಾನು ಮಂಗನ ಮುಖ ಮಾಡಿದೆ. ಅಕ್ಕ ಹಾಲು ಕುಡಿಸಲು ನೋಡಿದಳು, ಅದು ಮುಖ ಹೊರಳಿಸಿತು. ವ್ಯಾಪಾರಿ ಟೇಪು ಹಚ್ಚಿದ, ಕೂಸು ಟೇಪಿಗಿಂತ ಜೋರಾಗಿ ಕಿರುಚಿತು. ಬೇವೂರು ದಾಟುವಷ್ಟರಲ್ಲಿ ಎಲ್ಲರ ಮುಖವೂ ಬೆವೆತಿತ್ತು.

ಟಾರ್ ಬಿಟ್ಟು ಎರೆ ದಾರಿಗೆ ಇಳಿದೆವು. ಅರ್ಧ ದಾರಿಯಲ್ಲಿ ಒಂದು ತಗ್ಗು. ವ್ಯಾನಿನ ಚಕ್ರ ಗರಗರ ತಿರುಗಿತು, ಗಾಜಿಗೆಲ್ಲ ಕಪ್ಪು ಮಣ್ಣು ಸಿಡಿಯಿತು, ಆಮೇಲೆ ಗಾಡಿ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಇಳಿದು ನೂಕಲು ಹೋದ ಅಪ್ಪನ ಒಂದು ಚಪ್ಪಲಿಯನ್ನು ಎರೆಮಣ್ಣು ನುಂಗಿತು. ಎಷ್ಟು ಕೈಹಾಕಿ ಹುಡುಕಿದರೂ ಸಿಗಲಿಲ್ಲ. ಅದು ಇನ್ನೂ ಅಲ್ಲೇ ಇರಬೇಕು.

ಅಷ್ಟರಲ್ಲಿ ಹಿಂದಿನಿಂದ ಜೀಪು ಬಂತು. ಮಾವ ಹಗ್ಗ ಕಟ್ಟಿ ಒಂದೇ ಜಗ್ಗಿಗೆ ವ್ಯಾನನ್ನು ಹೊರಗೆಳೆದ. ಟಪಟಪ ಹನಿ ಬೀಳತೊಡಗಿದವು. ವ್ಯಾಪಾರಿ ಇಲ್ಲಿಂದ ಮುಂದೆ ನಾನು ಬರುವುದಿಲ್ಲ ಎಂದು ಕೈ ಮುಗಿದ. ವಿಧಿಯಿಲ್ಲದೆ ಅವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜೀಪು ಹತ್ತಿದಳು, ನಾವೂ ಹತ್ತಿದೆವು.

ಜೀಪು ಹೊರಟಿತು ನೋಡಿ! ತಾಡಪತ್ರಿ ಪಟಪಟ, ಬೆಂಚು ಕಿರಕಿರ, ಹಿಂದಿನ ಬಾಗಿಲು ಖಟಕ್ ಖಟಕ್. ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಕೂಸು ಒಮ್ಮೆ ಬಿಕ್ಕಿತು, ಕಿವಿಗೊಟ್ಟಿತು, ಬೆರಳು ಬಾಯಿಗೆ ಹಾಕಿಕೊಂಡಿತು. ಮುಂದಿನ ಬೇಲಿ ದಾಟುವುದರೊಳಗೆ ಗಾಢ ನಿದ್ದೆ.

“ಯವ್ವಾ! ಮಲ್ಕೊಂತಲ್ಲ ಇದು!” ಎಂದಳು ಅವ್ವ, ನಂಬಲಾರದೆ.

ಅಪ್ಪ ಬಾಗಿಲ ಕಡೆ ಕೈ ಮಾಡಿ ಕೂತಲ್ಲೇ ಕುಣಿದ. “ಕೇಳ, ಕೇಳ! ನನ್ನ ಮಗ್ಗ ಆಡಿದಂಗ ಆಡಾಕತ್ತೈತಿ!”

ಖರೆ ಮಾತು. ಹೊಲದ ಮನೆ ಮುಟ್ಟಿ ಮಾವ ಜೀಪು ನಿಲ್ಲಿಸಿದ್ದೇ ತಡ, ಕೂಸು ಎದ್ದು ಕಿಟಾರನೆ ಕಿರುಚಿತು. “ಬಂದ್ ಮಾಡಬ್ಯಾಡ್ರೀ!” ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಅಕ್ಕ ಇಳಿದಳು, ನಾನು ಅವಳ ಹಿಂದೆ ಜಿಗಿದೆ. ಮಾವ ನನ್ನ ಅವ್ವ, ಅಪ್ಪ ಇಬ್ಬರನ್ನೂ ಕೂಸಿನೊಂದಿಗೆ ಕೂರಿಸಿಕೊಂಡು ಕಣದ ಸುತ್ತ ಜೀಪು ತಿರುಗಿಸತೊಡಗಿದ. ಕೋಳಿಗಳು ಹಾರಿದವು, ನಾಯಿ ಬೊಗಳುತ್ತ ಬೆನ್ನು ಹತ್ತಿತು. ಒಂದೊಂದು ಸುತ್ತಿಗೂ ಅವ್ವನ ನಗು ಹೆಚ್ಚಾಗುತ್ತಿತ್ತು. ಅವ್ವ ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇತ್ತ ಅಕ್ಕ ಬರಿಗಾಲಲ್ಲಿ ಓಡಿದ್ದಳು. ಹಸಿ ಮಣ್ಣಿನ ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು. ಎಮ್ಮೆ ಅವಳನ್ನು ಕಂಡು ಹಗ್ಗ ಜಗ್ಗಿತು, ಮೊಣಕೈ ತನಕ ನೆಕ್ಕಿತು. ಅಕ್ಕ ಅದರ ಕೊರಳು ತಬ್ಬಿ ಅದೇನೋ ಮಾತಾಡುತ್ತ ಕಣ್ಣು ಒರೆಸಿಕೊಂಡಳು. ಇಷ್ಟು ತಿಂಗಳಲ್ಲಿ ನಮ್ಮ ಮನೆಯಲ್ಲಿ ಅವಳ ಆ ಮುಖ ನಾನು ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಗಾಡಿ ಸಿಗದಿರಲಿ ಎಂದುಕೊಂಡಿದ್ದೆನಲ್ಲ, ಎಂಥ ಹುಡುಗ ನಾನು! ಆ ಗಳಿಗೆಯಿಂದ ನಾನೂ ಜೀಪಿನ ಕಡೆಯವನಾದೆ.

ಕೊನೆಗೆ ಕೂಸು ಹೊಟ್ಟೆ ಹಸಿದು ಎದ್ದಿತು, ಜೀಪು ನಿಂತಿತು. ಅಪ್ಪ ಬಗ್ಗಿ ಇನ್ನೊಮ್ಮೆ ಅದರ ಕೆಳಗೆ ತೂರಿ, ವ್ಯಾನು ಎಳೆದ ಜಾಗವನ್ನೆಲ್ಲ ತಟ್ಟಿ ನೋಡಿ ಬಂದ. “ಹೊಲಸ ಐತಿ, ಖರೆ. ಕೊಂಡಿ ಮಾತ್ರ ಒಂದೂ ಬಿಚ್ಚಿಲ್ಲ,” ಎಂದ. ಆದರೆ ಅವ್ವ ಇನ್ನೂ ಒಪ್ಪಲಿಲ್ಲ. ಅವಳ ನಗು ಅಡಗಿ ಮುಖ ಗಂಭೀರವಾಯಿತು.

“ಗಾಡಿ ಆತು. ಅಳಿಯಂದ್ರು ಉಳ್ಳಾಗಡ್ಡಿ ಮಾರಾಕ ಬಾಗಲಕೋಟಿಗೆ ಹೋದ ದಿನಾನ ಕೂಸಿಗೆ ಜ್ವರ ಬಂತು ಅಂತ ತಿಳೀರಿ. ಅವತ್ತ ಗಾಡಿ ಯಾರ ಹೊಡೀತಾರ?”

ಅಪ್ಪ ಮಾವನನ್ನು ನೋಡಿದ, ಮಾವ ನೆಲ ನೋಡಿದ. ಬೆಳಗಿನಿಂದ ಇಷ್ಟೆಲ್ಲ ನೋಡಿದ ನಾವು ಇದೊಂದನ್ನು ನೋಡಿರಲೇ ಇಲ್ಲ. ಅಕ್ಕ ಕೂಸಿಗೆ ಹಾಲು ಕುಡಿಸಿ ತಂದು ನನ್ನ ತೊಡೆಯ ಮೇಲೆ ಹಾಕಿ, ನನ್ನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನು ಸ್ಟೇರಿಂಗಿನ ಮುಂದೆ ಹತ್ತಿ ಕೂತಳು.

“ತಮ್ಮಾ, ಎರಡೂ ಕೈಲೆ ಗಟ್ಟಿ ಹಿಡಿ. ಏನಾದ್ರೂ ಬಿಡಬ್ಯಾಡ.”

“ಏ ಹುಚ್ಚವ್ವಾ, ಕೂಸರೆ ಇಲ್ಲಿ ಬಿಡಽ!” ಎಂದು ಅವ್ವ ಓಡಿಬಂದಳು.

“ಜ್ವರ ಬಂದ ದಿನಾ ಕೂಸಿನ್ನ ಮನ್ಯಾಗ ಬಿಟ್ಟು ಹೋಗಲೇನ ಯವ್ವಾ?” ಎಂದು ಅಕ್ಕ ಜೀಪು ಎಬ್ಬಿಸಿಯೇಬಿಟ್ಟಳು. ಮದುವೆಯಾದ ವರ್ಷವೇ ಮಾವ ಅವಳಿಗೆ ಟ್ರ್ಯಾಕ್ಟರ್ ಕಲಿಸಿದ್ದನಂತೆ. ಬೈಯುತ್ತಾರೆಂದು ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ!

ಆ ಮೂರು ಕಿಲೋಮೀಟರ್ ಉದ್ದಕ್ಕೂ ಕೂಸನ್ನು ಎದೆಗೆ ಅವಚಿಕೊಂಡಿದ್ದೆ. ವ್ಯಾನು ಸಿಕ್ಕಿಬಿದ್ದಿದ್ದ ತಗ್ಗು ಬಂತು. ಅಕ್ಕ ಗೇರು ಇಳಿಸಿದಳು, ತುಟಿ ಕಚ್ಚಿದಳು. ಜೀಪು ಒಮ್ಮೆ ಹಾರಿತು, ನನ್ನ ತಲೆ ಮೇಲಿನ ಪೈಪಿಗೆ ಠಣ್ಣೆಂದು ಬಡಿಯಿತು, ಕಣ್ಣಲ್ಲಿ ನೀರು ಬಂತು. ಕೈ ಬಿಡಲಿಲ್ಲ. ಟಾರ್ ರಸ್ತೆಯ ಅಂಚು ಮುಟ್ಟಿ, ತಿರುಗಿಸಿಕೊಂಡು ಮತ್ತೆ ಕಣಕ್ಕೆ ಬಂದು ನಿಂತೆವು. ಕೂಸು ದಾರಿ ತುಂಬ ನಿದ್ದೆ ಹೊಡೆದಿತ್ತು. (ರಸ್ತೆ ಹತ್ತುವುದಕ್ಕೆ ಬೇಕಾದ ಲೈಸೆನ್ಸನ್ನು ಅಕ್ಕ ಆಮೇಲೆ ತೆಗೆಸಿದಳು, ನೀವು ಅವಳನ್ನು ಪೊಲೀಸರಿಗೆ ಹಿಡಿದುಕೊಡಬೇಡಿ.)

ಅವ್ವ ಬಂದವಳೇ ಅಕ್ಕನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅವಳ ಕೆನ್ನೆ ಸವರಿ ನೆಟಿಗೆ ತೆಗೆದಳು. ಕೂಸಿನ ಗಲ್ಲದ ಮೇಲಿದ್ದ ಕಾಡಿಗೆ ಬೊಟ್ಟನ್ನು ಬೆರಳಿಗೆ ಹಚ್ಚಿಕೊಂಡು ಜೀಪಿನ ಮೂತಿಗೆ ಒತ್ತಿದಳು. “ತೊಟ್ಟಿಲಾ ಯಾವತ್ತ ತರೂಣ್ರಿ?” ಎಂದು ಅಳಿಯನನ್ನು ಕೇಳಿದಳು. ಮಾವ ಆ ದಿನ ಮೊದಲ ಸಲ ಹಲ್ಲು ಬಿಟ್ಟು ನಕ್ಕ.

ಈಗ ನಿಮ್ಮ ಅವ್ವ ಕಾರು ಹೊಡೆಯುತ್ತಾಳೆ. ಆ ಹೊಲಕ್ಕೆ ಟಾರ್ ರಸ್ತೆಯೇ ಆಗಿದೆ. ನಿಮಗೆ ಕಾರಿನಲ್ಲಿ ನಿಮ್ಮದೇ ಪುಟ್ಟ ಕುರ್ಚಿ, ಎದೆಗೆ ಬೆಲ್ಟು, ತಣ್ಣನೆಯ ಗಾಳಿ. ಇಂಜಿನ್ನು ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ನೀವು ಹಾಯಾಗಿ ಮಲಗುತ್ತೀರಿ. ಚೊಲೋ ಆಯಿತು ಬಿಡಿ, ನಾನೇನು ಹೊಟ್ಟೆಕಿಚ್ಚು ಪಡುವುದಿಲ್ಲ. “ಅಜ್ಜಾ, ಸಣ್ಣಾಕಿ ಇದ್ದಾಗ ಅವ್ವಗ ಬೆಲ್ಟ್ ಇರಲಿಲ್ಲೇನು?” ಎಂದು ಮೊನ್ನೆ ಕೇಳಿದಿರಲ್ಲ, ಇತ್ತು. ಹತ್ತು ವರ್ಷದ ಹುಡುಗನ ಎರಡು ಕೈ.

ಅದಕ್ಕೇ ಇರಬೇಕು, ನಿಮ್ಮ ಜೊತೆ ಹಿಂದಿನ ಸೀಟಿನಲ್ಲಿ ಕೂತಾಗ ರಸ್ತೆಯ ಉಬ್ಬು ಬಂದರೆ ಸಾಕು, ನನ್ನ ಕೈ ತಾನಾಗಿ ಚಾಚಿ ನಿಮ್ಮ ಎದೆಗೆ ಅಡ್ಡ ನಿಲ್ಲುತ್ತದೆ. ಬೆಲ್ಟು ಇದೆ ಅಜ್ಜಾ ಎಂದು ನೀವಿಬ್ಬರೂ ಕಿಸಕ್ಕನೆ ನಗುತ್ತೀರಿ. ನಿಮ್ಮ ಅವ್ವ ನಗುವುದಿಲ್ಲ. ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ, ಕಾರನ್ನು ಇನ್ನಷ್ಟು ಮೆಲ್ಲಗೆ ಹಾಯಿಸುತ್ತಾಳೆ.