ಥಾಣೆಗೆ ಹೋಗಲು ಕಲ್ಯಾಣದ ಗಾಡಿ

ಡೊಂಬಿವಲಿಯಿಂದ ಥಾಣೆಗೆ ಕೆಲಸಕ್ಕೆ ಹೋಗುತ್ತಿದ್ದ ನಾನು ಬೆಳಿಗ್ಗೆ ಹತ್ತುತ್ತಿದ್ದದ್ದು ಎದುರು ದಿಕ್ಕಿಗೆ, ಕಲ್ಯಾಣಕ್ಕೆ ಹೋಗುವ ಗಾಡಿಯನ್ನು. ಆ ಲೋಕಲ್ ಕಲ್ಯಾಣದಲ್ಲಿ ಖಾಲಿಯಾಗಿ, ಅಲ್ಲಿಂದಲೇ ಮುಂಬೈ ಕಡೆಗೆ ಮತ್ತೆ ಹೊರಡುತ್ತಿತ್ತು. ಇಳಿಯದೆ ಕೂತವರಿಗೆ ಸೀಟು ಗ್ಯಾರಂಟಿ. ಹೀಗೆ ಬರುವವರನ್ನು ಕಂಡರೆ ಕಲ್ಯಾಣದವರಿಗೆ ಆಗುವುದಿಲ್ಲ. ನಮ್ಮ ಆಫೀಸಿನ ಹಿರಿಯ ಇಂಜಿನಿಯರ್ ಮೇಡಂ ಅಲ್ಲಿಂದಲೇ ಹತ್ತುತ್ತಿದ್ದರು, ಉಡುಪಿ ಕಡೆಯವರು. ಹೆಂಗಸರ ಡಬ್ಬಿಯ ಕಿಟಕಿಯ ಬಳಿ ನನ್ನನ್ನು ಕಂಡಾಗಲೆಲ್ಲ, "ಗಾಡಿ ನಮ್ಮ ಊರಿನದ್ದು, ಗಾಳಿ ಡೊಂಬಿವಲಿಯವರಿಗೆ" ಎನ್ನುವರು. ನಾನು ನಗುತ್ತಿದ್ದೆ. ನಮ್ಮ ಪರಿಚಯ ಇದ್ದದ್ದು ಅಷ್ಟೇ.

ಥಾಣೆಯ ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ನಮ್ಮ ಸಂಸ್ಥೆಯಲ್ಲಿ ನಾನಿನ್ನೂ ಪ್ರೊಬೇಷನ್ ಮೇಲಿದ್ದೆ. ನನ್ನ ಪಾಲಿಗೆ ಬಂದದ್ದು ಲೋಡ್ ಫ್ಲೋ, ಅಂದರೆ ವಿದ್ಯುತ್ ಜಾಲದ ಲೆಕ್ಕ. ಗ್ರಾಹಕ ಕಂಪನಿ ಒಂದು ಪ್ರದೇಶದ ಸಬ್‌ಸ್ಟೇಷನ್, ಲೈನು, ಬೇಡಿಕೆ ಅಂದರೆ ಲೋಡುಗಳ ವಿವರ ಕೊಟ್ಟರೆ ಎಲ್ಲಿ ಎಷ್ಟು ವೋಲ್ಟೇಜ್ ಇರುತ್ತದೆಂದು ಕಂಪ್ಯೂಟರ್ ಹೇಳಬೇಕು. ಅದು ಒಂದು ಊಹೆಯಿಂದ ಹೊರಟು, ತಿದ್ದಿಕೊಳ್ಳುತ್ತ ಉತ್ತರಕ್ಕೆ ಹತ್ತಿರವಾಗುತ್ತದೆ. ನನ್ನ ನೆಟ್‌ವರ್ಕಿನಲ್ಲಿ ಅಂಕಿಗಳು ಪ್ರತಿ ಸುತ್ತಿಗೂ ಇನ್ನಷ್ಟು ದೂರ ಹೋಗಿ, ಕೊನೆಗೆ ಪರದೆಯ ಮೇಲೆ ಕನ್ವರ್ಜ್ ಆಗಲಿಲ್ಲ, ಎಂದರೆ ಉತ್ತರ ಕೂಡಿಬರಲಿಲ್ಲ, ಎಂಬ ಒಂದೇ ಸಾಲು ಉಳಿಯುತ್ತಿತ್ತು.

"ಫ್ರೈಡೇ ತಕ್ ದೇಖೋ. ನಹೀ ಹುವಾ ತೋ ಡ್ರಾಯಿಂಗ್ ಸೆಕ್ಷನ್ ಮೇ ಬೈಠೋ" ಎಂದರು ವಿಭಾಗದ ಮುಖ್ಯಸ್ಥರು, ಕೋಪವಿಲ್ಲದೆ. ಶುಕ್ರವಾರದೊಳಗೆ ಆಗದಿದ್ದರೆ ನಾನು ನಕ್ಷೆ ಬರೆಯುವ ವಿಭಾಗಕ್ಕೆ. ಅಲ್ಲಿ ಹೋಗಿ ಕೂತವರು ನಮ್ಮ ವಿಭಾಗಕ್ಕೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಎಂ.ಟೆಕ್ ಮಾಡಿದ್ದೇ ಈ ಕೆಲಸಕ್ಕಾಗಿ.

ಮರುದಿನ ಗಾಡಿಯಲ್ಲಿ ಮೇಡಂ ಪಕ್ಕದಲ್ಲಿ ಕೂತು, "ಎಂತ ಮುಖ ಇದು?" ಎಂದರು. ಯಾಕೋ ಹೇಳಿಬಿಟ್ಟೆ.

"ಲೋಡ್ ಪೂರ್ತಿ ಒಟ್ಟಿಗೇ ಹಾಕಿದ್ದಾ?"

"ಹೌದ್ರಿ ಮೇಡಂ. ಗ್ರಾಹಕರು ಪೀಕ್ ಕೇಸೇ ಕೇಳ್ಯಾರ, ಅತಿ ಹೆಚ್ಚು ಲೋಡಿಂದು." ನಮ್ಮದು ಧಾರವಾಡ ಕಡೆಯ ಮನೆ, ಗಾಬರಿಯಲ್ಲಿ ಮನೆಮಾತೇ ಬರುತ್ತದೆ.

"ನೀನು ಡೊಂಬಿವಲಿಯಿಂದ ಸೀದಾ ಥಾಣೆ ಗಾಡಿ ಹತ್ತುತ್ತೀಯಾ?"

"ಆ ಗದ್ದಲದಾಗ ಹತ್ತಾಕ ಆಗೂದಿಲ್ರಿ."

"ಮತ್ತೆ ಅಲ್ಲಿ ಯಾಕೆ ಸೀದಾ ಹತ್ತುವುದು ಮಾರಾಯ್ತಿ? ಹಿಂದೆ ಹೋಗು. ಲೋಡ್ ಅರ್ಧ ಮಾಡು. ಉತ್ತರ ಬಂದರೆ ಅದರ ಮೇಲೆ ಕೂತುಕೊಂಡು ಮುಂದೆ ಹೊರಡು, ಸ್ವಲ್ಪ ಸ್ವಲ್ಪ ಏರಿಸು. ಯಾವ ಸಬ್‌ಸ್ಟೇಷನ್ ಮೊದಲು ಬಳಲುತ್ತದೆ ನೋಡು."

ಮೂವರ ಬೆಂಚಿನ ಅಂಚಿನಲ್ಲಿ ನಾಲ್ಕನೆಯವಳಾಗಿ ಕೂತಿದ್ದ ಹೆಂಗಸು, "ಪೆಹಲೇ ಮೇರಾ ಲೋಡ್ ದೇಖೋ, ಥೋಡಾ ಸರ್ಕೋ" ಎಂದಳು. ಮೊದಲು ಅವಳ ಲೋಡಿಗೆ ಜಾಗ ಮಾಡಿ ಸರಿದು ಕೂತೆವು.

ಆಫೀಸಿನಲ್ಲಿ ಅರ್ಧ ಲೋಡಿಗೆ ಉತ್ತರ ತಕ್ಷಣ ಬಂತು. ಅದನ್ನೇ ಹೊಸ ಊಹೆಯಾಗಿ ಕೊಟ್ಟು ಸ್ವಲ್ಪ ಏರಿಸಿದೆ, ಮತ್ತೆ ಬಂತು. ಏರಿಸಿದಂತೆಲ್ಲ ಎಲ್ಲ ಸಬ್‌ಸ್ಟೇಷನ್ನುಗಳ ವೋಲ್ಟೇಜ್ ತುಸು ಇಳಿಯುತ್ತಿತ್ತು. ತುದಿಯ ಒಂದರದು ಮಾತ್ರ ಕುಸಿಯುತ್ತಿತ್ತು. ಅದಕ್ಕೆ ಹೋಗುವ ಲೈನನ್ನು ಅದೇ ಬಗೆಯ ತಂತಿಯ ಪಕ್ಕದ ಲೈನಿಗೆ ಹೋಲಿಸಿದಾಗ ಕಾರಣ ಕಂಡಿತು. ಗ್ರಾಹಕ ಕಂಪನಿಯವರು ಉಳಿದೆಲ್ಲ ಲೈನುಗಳಿಗೆ ಒಂದು ಕಿಲೋಮೀಟರಿನ ರಿಯಾಕ್ಟೆನ್ಸ್, ಅಂದರೆ ಲೈನು ಒಡ್ಡುವ ತಡೆ, ಕೊಟ್ಟು, ಇದೊಂದಕ್ಕೆ ಪೂರ್ತಿ ಉದ್ದದ್ದು ಕೊಟ್ಟಿದ್ದರು. ಪ್ರೋಗ್ರಾಂ ಅದನ್ನು ಮತ್ತೆ ಉದ್ದದಿಂದ ಗುಣಿಸಿ, ಊರಾಚೆಗಿನ ಲೈನನ್ನು ರಾಜ್ಯದಾಚೆಗೆ ಎಳೆದಿತ್ತು. ಫೋನ್ ಮಾಡಿದಾಗ ಅವರೂ ಒಪ್ಪಿದರು. ಅಂಕಿ ತಿದ್ದಿದ ಮೇಲೆ ಪೂರ್ತಿ ಲೋಡಿಗೂ ಉತ್ತರ ಸುಲಭವಾಗಿ ಬಂತು.

ಶುಕ್ರವಾರ ಮುಖ್ಯಸ್ಥರು ವರದಿಯ ಹಾಳೆ ತಿರುವಿ, "ಠೀಕ್ ಹೈ. ಅಗಲಾ ಕೇಸ್ ಭೀ ತುಮ್ ಕರೋ" ಎಂದರು. ಮುಂದಿನ ಕೇಸೂ ನನಗೇ ಬಂತು, ಡ್ರಾಯಿಂಗ್ ಸೆಕ್ಷನ್ನಿನ ಮಾತು ಮತ್ತೆ ಬರಲಿಲ್ಲ. ಇವತ್ತಿಗೂ ನನ್ನ ಕೆಲಸ ಇದೇ. ಹೊಸದಾಗಿ ಬಂದವರು ಪರದೆಯ ಮುಂದೆ ಸುಮ್ಮನೆ ಕೂತಿದ್ದರೆ, ಲೋಡ್ ಎಷ್ಟು ಹಾಕಿದ್ದೀರಿ ಎಂದು ಮೊದಲು ಕೇಳುತ್ತೇನೆ.

ಕೃತಜ್ಞತೆಯ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ವರದಿ ಕೊಟ್ಟ ನಂತರದ ಸೋಮವಾರ ಗಾಡಿ ಕಲ್ಯಾಣ ಮುಟ್ಟಿದಾಗ ಕಿಟಕಿಯ ಜಾಗದಲ್ಲಿ ಬ್ಯಾಗಿಟ್ಟು, ಹತ್ತಿದವರ ಬೈಗುಳ ಕೇಳುತ್ತ ಪಕ್ಕದಲ್ಲಿ ಕೂತಿದ್ದೆ. ಮೇಡಂ ಬಂದೊಡನೆ ಬ್ಯಾಗು ತೆಗೆದೆ.

"ಎಂತ ಇದು, ಲಂಚವಾ?"

"ಅಲ್ರಿ. ಗಾಡಿ ನಿಮ್ಮ ಊರಿಂದು ಅಲ್ಲೇನ್ರಿ?"

ಅವರು ಕಿಟಕಿಗೆ ಒರಗಿ ಕೂತರು. ದಿವಾ ಸ್ಟೇಷನ್ ಬರುವ ಮೊದಲೇ ನಿದ್ದೆ ಹೋಗಿದ್ದರು.